ಲೇಪಾಕ್ಷಿಯ ಕೆಂಪು

ಮನುಷ್ಯ, ಮರ, ಮನೆ ಯಾವುದೂ ಇಲ್ಲದ ಚಿತ್ರದೆದುರು ನಿಂತಾಗ ನಮ್ಮವರ ಬಾಯಿಂದ ಬರುವ ಮೊದಲ ಮಾತು, "ಇದೇನು?" ಎರಡನೆಯದು, "ಇಷ್ಟನ್ನು ನಮ್ಮ ಮಗುವೂ ಬರೆದೀತು." ಅಮೂರ್ತ ಕಲೆಯೆಂದರೆ ಪರದೇಶದಿಂದ ಬಂದ ಸೋಗು ಎಂಬ ಗುಮಾನಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಹಾಗೆಂದುಕೊಂಡವರು ಒಮ್ಮೆ ಲೇಪಾಕ್ಷಿಗೆ ಹೋಗಿಬರುವುದು ಒಳ್ಳೆಯದು.

ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದ ಊರು. ಇರುವುದು ಆಂಧ್ರಪ್ರದೇಶದಲ್ಲಿ, ಕಿವಿಗೆ ಬೀಳುವುದು ತೆಲುಗು. ಆದರೆ ವೀರಭದ್ರ ದೇವಾಲಯದ ಕಲ್ಲುಗಳಲ್ಲಿ ಕನ್ನಡ ಶಾಸನಗಳಿವೆ. ಗಡಿಗೆರೆಯ ಸಂಕಟ ಬಲ್ಲ ಕಾಸರಗೋಡಿನವರಿಗೆ ಆ ಅಕ್ಷರಗಳ ಮುಂದೆ ಕಾಲು ತಾನಾಗಿ ನಿಲ್ಲುತ್ತದೆ. 16ನೆಯ ಶತಮಾನದಲ್ಲಿ, ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ವಿರೂಪಣ್ಣ, ವೀರಣ್ಣ ಎಂಬ ಸೋದರರು ಕಟ್ಟಿಸಿದ ಗುಡಿಯಿದು.

ಮುಗಿಯದೆ ಉಳಿದ ಕಲ್ಯಾಣಮಂಟಪದ ಬಳಿ ಗೋಡೆಯಲ್ಲಿ ಎರಡು ಕೆಂಪು ಕಲೆಗಳನ್ನು ತೋರಿಸುತ್ತಾರೆ. ಬೊಕ್ಕಸದ ಹಣವನ್ನು ಗುಡಿಗೆ ಸುರಿದನೆಂದು ಅರಸ ಮುನಿದಾಗ ವಿರೂಪಣ್ಣ ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆಸೆದನಂತೆ. ಐತಿಹ್ಯ, ಇತಿಹಾಸವಲ್ಲ. ಆದರೂ ಆಕಾರವೇ ಇಲ್ಲದ ಆ ಎರಡು ಕಲೆಗಳ ಮುಂದೆ ಜನ ಮಾತು ನಿಲ್ಲಿಸುತ್ತಾರೆ. ಮನ ಕಲಕುವುದು ಕಥೆ, ಬಣ್ಣವಲ್ಲ ಎಂದು ನೀವೆನ್ನಬಹುದು. ಒಪ್ಪುವ ಮಾತೇ. ಹಾಗಾದರೆ ನಾಟ್ಯಮಂಟಪಕ್ಕೆ ಬಂದು ತಲೆಯೆತ್ತಿ ನೋಡಿ.

ಛಾವಣಿಯ ತುಂಬ ಚಿತ್ರಗಳು: ಕಿರಾತಾರ್ಜುನೀಯ, ದ್ರೌಪದೀ ಸ್ವಯಂವರ, ಪಾರ್ವತೀ ಕಲ್ಯಾಣ. ಯಾವ ಕಥೆ ಯಾವುದೆಂದು ಗುರುತಿಸುವ ಮೊದಲೇ ಕಣ್ಣಿಗೆ ತಾಗುವುದು ಹಿನ್ನೆಲೆಯ ಕಾವಿಗೆಂಪು. ಆಕಾಶವಿಲ್ಲ, ದೂರದ ಬೆಟ್ಟವಿಲ್ಲ, ಕಾಲಡಿಗೆ ನೆಲವೂ ಇಲ್ಲವೆನ್ನಬೇಕು. ಆಕೃತಿಗಳು ನಿಂತಿರುವುದು ಬರಿಯ ಬಣ್ಣದ ಮೇಲೆ. ಆ ಕೆಂಪು ಯಾವ ವಸ್ತುವಿನ ಬಣ್ಣವೂ ಅಲ್ಲ. ಅದೇ ಅಲ್ಲಿನ ಗಾಳಿ, ಅದೇ ಅಲ್ಲಿನ ಹೊತ್ತು. ಇನ್ನು ಹೆಂಗಸರ ಸೀರೆಗಳು! ಪಟ್ಟೆ, ಚೌಕುಳಿ, ಚುಕ್ಕೆ, ಬಳ್ಳಿ. ಹತ್ತಿರದ ಲತಾಮಂಟಪದ ಕಂಬಗಳಲ್ಲಿ ಅಂಥ ವಿನ್ಯಾಸಗಳು ಕಥೆಯ ಹಂಗಿಲ್ಲದೆ ತಾವೇ ನಿಂತಿವೆ. ಅವುಗಳ ಮುಂದೆ ಯಾರೂ "ಇದೇನು?" ಎಂದು ಕೇಳುವುದಿಲ್ಲ. ಚೆನ್ನಾಗಿದೆ ಎನ್ನುತ್ತಾರೆ, ಕೈಯಾಡಿಸುತ್ತಾರೆ, ಅಂಥದೇ ಅಂಚಿನ ಸೀರೆ ಬೇಕೆನ್ನುತ್ತಾರೆ.

ಅಷ್ಟು ದೂರ ಹೋಗಲಾಗದವರಿಗೆ ನಮ್ಮ ತೆಂಕುತಿಟ್ಟಿನ ಬಯಲಾಟವೇ ಇದೆ. ಬಣ್ಣದ ವೇಷ ಬಾಯ್ದೆರೆದು ಅರ್ಥ ಹೇಳುವ ಮುನ್ನವೇ ಮಕ್ಕಳು ಅಮ್ಮನ ಸೆರಗು ಹಿಡಿದಿರುತ್ತಾರೆ. ರಕ್ಕಸ ಯಾರೆಂದು ಅವಕ್ಕೆ ಗೊತ್ತಿಲ್ಲ. ಕಪ್ಪು, ಕೆಂಪು ಮತ್ತು ಬಿಳಿಯ ಚಿಟ್ಟಿ ಗೊತ್ತಾಗಿದೆ, ಅಷ್ಟೆ. ನಾಗಮಂಡಲದ ಐದು ಬಣ್ಣದ ಹುಡಿಯ ಮುಂದೆ ಹಿರಿಯರು ಗಂಟೆಗಟ್ಟಲೆ ಕೂರುವುದೂ ಪ್ರಸಂಗದ ಕುತೂಹಲದಿಂದಲ್ಲ.

ರಷ್ಯದ ಕಂಡಿನ್‌ಸ್ಕಿ 1911ರಲ್ಲಿ ಪುಸ್ತಕ ಬರೆದು ವಾದಿಸಿದ್ದು ಹೆಚ್ಚುಕಡಿಮೆ ಇದನ್ನೇ: ಸ್ವರ ಕಿವಿಯಿಂದ ಎದೆಗೆ ಹೋಗುವಂತೆ ಬಣ್ಣ ಕಣ್ಣಿನಿಂದ ಹೋಗುತ್ತದೆ, ನಡುವೆ ವಸ್ತುವಿನ ಚಿತ್ರ ಬೇಕೆಂದಿಲ್ಲ. ಅಮೆರಿಕದ ಹ್ಯೂಸ್ಟನ್ನಿನಲ್ಲಿ 1971ರಲ್ಲಿ ತೆರೆದ ಪ್ರಾರ್ಥನಾಮಂದಿರದಲ್ಲಿ ಇರುವುದು ರೋಥ್ಕೊ ಬರೆದ 14 ದೊಡ್ಡ ಚಿತ್ರಗಳು, ಬಹುಮಟ್ಟಿಗೆ ಕಪ್ಪು ಮತ್ತು ಕಡುನೇರಳೆ. ಜನ ಬೆಂಚಿನಲ್ಲಿ ಸುಮ್ಮನೆ ಕೂರುತ್ತಾರೆ. ನಮ್ಮ ದೇಶದ ಗಾಯತೊಂಡೆ (1924-2001) ಕುಂಚದ ಬದಲು ರೋಲರು, ಚೂರಿಗಳಿಂದ ಬಣ್ಣ ಹಚ್ಚಿ, ಕೆರೆದು, ಮತ್ತೆ ಹಚ್ಚಿ, ವರ್ಷಕ್ಕೆ ಕೆಲವೇ ಚಿತ್ರ ಮುಗಿಸುತ್ತಿದ್ದರು. ಉಳಿದ ಹೊತ್ತು ಖಾಲಿ ಕ್ಯಾನ್‌ವಾಸಿನ ಮುಂದೆ ಮೌನ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು (1911-1996) ಅಮೂರ್ತ ಕಲೆಯ ಪಕ್ಷಕ್ಕೆ ಪೂರ್ತಿ ಸೇರಿದವರಲ್ಲ. ಆದರೂ ಅವರ ನರ್ತನದ ರೇಖೆಗಳಲ್ಲಿ ನರ್ತಕಿ ಕರಗಿ ಕುಣಿತ ಮಾತ್ರ ಉಳಿಯುವ ಗಳಿಗೆಗಳಿವೆ.

ಬಣ್ಣ ಎರಚಿದ್ದೆಲ್ಲ ಕಲೆಯಲ್ಲ, ನಿಜ. ಟೊಳ್ಳು ಚಿತ್ರಗಳೂ ದೊಡ್ಡ ಬೆಲೆಗೆ ಮಾರಾಟವಾಗುತ್ತವೆ. ಟೊಳ್ಳೋ ಗಟ್ಟಿಯೋ ತಿಳಿಯಲು ಐದು ನಿಮಿಷವಾದರೂ ಅದರೆದುರು ನಿಲ್ಲಬೇಕು. ಕಾವ್ಯಕ್ಕೆ, ಸಂಗೀತಕ್ಕೆ ನಾವು ಕೊಡುವ ಈ ಸಮಯವನ್ನು ಚಿತ್ರಕ್ಕೆ ಕೊಡುವುದಿಲ್ಲ.

ಲೇಪಾಕ್ಷಿಯಲ್ಲೂ ಅದೇ ಕಥೆ. ನೆಲಕ್ಕೆ ಪೂರ್ತಿ ತಾಗದ 'ತೂಗುಕಂಬ'ದಡಿ ವಸ್ತ್ರ ತೂರಿಸಲು ಗುಂಪು ನೆರೆಯುತ್ತದೆ. ಅದೇ ಗುಂಪಿನ ತಲೆಯ ಮೇಲೆ, ಗಾರೆ ಉದುರಿ, ಹೊಗೆ ಹಿಡಿದು, ಹಲವು ಆಕೃತಿಗಳು ಮಾಸಿವೆ. ಎಲ್ಲೋ ಒಂದು ಕಣ್ಣು, ಎಲ್ಲೋ ಸೀರೆಯ ನೆರಿಗೆ. ಸುತ್ತಲೂ ಆ ಕೆಂಪು ಇನ್ನೂ ಇದೆ.