ಜಮೀನಿನ ಜೊತೆ ಕೇಸೂ ಬಂದ್ರೆ ಮನೆ, ಅಂಗಡಿ ಉಳಿಯುತ್ತಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

2020ರಲ್ಲಿ ಭೂ ಸುಧಾರಣಾ ಕಾಯ್ದೆಯಿಂದ 79ಎ, 79ಬಿ ಕಲಂ ತೆಗೆದ್ರು. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳೋ ದಾರಿ ತೆರೀತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಈಗ ಭಾನುವಾರ ಬಂದ್ರೆ ಸಾಕು, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಜಾಗ ನೋಡೋಕೆ ಹೊರಡೋರು ನಮ್ಮ ನಿಮ್ಮ ಮನೇಲೇ ಇದ್ದಾರೆ.

ಹೊರಡೋ ಮುಂಚೆ ಒಂದು ವಿಷಯ. ಈ ನಾಲ್ಕೂ ತಾಲ್ಲೂಕು ಕಂದಾಯ ಇಲಾಖೆಯ ಪಾಂಡವಪುರ ಉಪವಿಭಾಗಕ್ಕೆ ಸೇರುತ್ತವೆ. ಖಾತೆ ಬದಲಾವಣೆ ಮೇಲಿನ ಮೇಲ್ಮನವಿ, ಮಂಜೂರಾದ ಜಮೀನಿನ ತಕರಾರು ಎಲ್ಲಾ ಉಪವಿಭಾಗಾಧಿಕಾರಿ, ಅಂದ್ರೆ ಎಸಿ ಕೋರ್ಟಿಗೆ ಬರುತ್ತವೆ. ಪಾಲಿನ ದಾವೆ ಮಾತ್ರ ಸಿವಿಲ್ ಕೋರ್ಟಿಗೆ. ಎರಡೂ ಕಡೆ ನೋಡ್ದೆ ಅಡ್ವಾನ್ಸ್ ಕೊಟ್ರೆ, ನೀವು ಕೊಂಡಿದ್ದು ಜಮೀನೋ ಕೇಸೋ ಗೊತ್ತಾಗಲ್ಲ.

ಬಹಳ ಜನ ನಂಬೋದು ಇಸಿಯನ್ನ, ಋಣಭಾರ ಪ್ರಮಾಣ ಪತ್ರವನ್ನ. ಅದರಲ್ಲಿ ಕಾಣೋದು ನೋಂದಣಿಯಾದ ವ್ಯವಹಾರ: ಕ್ರಯ, ಅಡಮಾನ, ದಾನ ಪತ್ರ. ಕೋರ್ಟಲ್ಲಿ ನಡೀತಿರೋ ದಾವೆ ಅದರಲ್ಲಿ ಬಂದೇ ಬರುತ್ತೆ ಅನ್ನೋ ಖಾತ್ರಿ ಇಲ್ಲ. ಆದ್ರೆ ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಪ್ರಕಾರ, ದಾವೆ ನಡೀತಿರುವಾಗ ಕೊಂಡವರು ಆ ದಾವೆಯ ತೀರ್ಪಿಗೆ ಬದ್ಧರು. ‘ನನಗೆ ಗೊತ್ತಿರಲಿಲ್ಲ ಸ್ವಾಮಿ’ ಅಂದ್ರೂ ನಡೆಯಲ್ಲ. ಹಾಗಾಗಿ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮಾರೋರ ಹೆಸರು ಹಾಕಿ ಹುಡುಕಿ. ಅವರ ಅಣ್ಣತಮ್ಮ, ಅಕ್ಕತಂಗಿಯರ ಹೆಸರೂ ಹಾಕಿ. ಹೆಸರಿನ ಸ್ಪೆಲ್ಲಿಂಗ್ ನಾಲ್ಕು ಥರ ಬದಲಿಸಿ ನೋಡಿ, ಗೌಡ್ರ ಹೆಸರಂತೂ ಒಂದೊಂದು ಕಡೆ ಒಂದೊಂದು ಥರ ಇರುತ್ತೆ. ಕಂದಾಯ ಕೋರ್ಟಿನ ಕೇಸಿಗೆ ಆರ್‌ಸಿಸಿಎಂಎಸ್ ಅನ್ನೋ ಬೇರೆ ಜಾಲತಾಣ ಇದೆ. ಪಹಣಿಯ 11ನೇ ಕಾಲಂ ಓದಿ, ಸಾಲ, ತಡೆಯಾಜ್ಞೆ ನಮೂದಾಗೋದು ಅಲ್ಲಿ.

ಇನ್ನು ಹೆಣ್ಣುಮಕ್ಕಳ ಪಾಲು. ‘ಅವರಿಗೆ ಮದುವೇಲೇ ಕೊಟ್ಟಾಯ್ತು ಬಿಡಿ’ ಅಂತ ಮಾರೋರು ಹೇಳ್ತಾರೆ. ಈ ಮಾತು ಕೋರ್ಟಲ್ಲಿ ನಿಲ್ಲಲ್ಲ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿ ಪ್ರಕಾರ ಪಿತ್ರಾರ್ಜಿತ ಆಸ್ತೀಲಿ ಮಗಳಿಗೂ ಮಗನಷ್ಟೇ ಹಕ್ಕು. ಆ ದಿನ ತಂದೆ ಬದುಕಿರಬೇಕು ಅಂತೇನಿಲ್ಲ ಅಂತ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡ್ತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪಾಲುಪಟ್ಟಿ, ಆಗ್ಲೇ ಆದ ಮಾರಾಟ ಇದ್ರೆ ಮಾತು ಬೇರೆ. ಬಾಯಿಮಾತಿನ ಪಾಲನ್ನ ಕೋರ್ಟು ಸುಲಭಕ್ಕೆ ಒಪ್ಪಲ್ಲ. ವಂಶವೃಕ್ಷ ಕೇಳಿ, ಅದರಲ್ಲಿರೋ ಹೆಣ್ಣುಮಕ್ಕಳೆಲ್ಲ ಕ್ರಯಪತ್ರಕ್ಕೆ ಸಹಿ ಹಾಕ್ಲಿ, ಅಥವಾ ನೋಂದಾಯಿತ ಹಕ್ಕು ಖುಲಾಸೆ ಪತ್ರ ಇರಲಿ. ಆಮೇಲೆ ಕೇಸ್ ಹಾಕಿದ್ರು ಅಂತ ಆ ಅಕ್ಕಂದಿರನ್ನ ಬೈಯೋದ್ರಲ್ಲಿ ಅರ್ಥ ಇಲ್ಲ. ಕೇಳ್ದೆ ಮಾರಿದ್ದು ಅಣ್ಣ, ನೋಡ್ದೆ ಕೊಂಡಿದ್ದು ನಾವು.

ಪಿಟಿಸಿಎಲ್ ಇನ್ನೂ ಗಟ್ಟಿ ವಿಷಯ. ಪರಿಶಿಷ್ಟ ಜಾತಿ, ಪಂಗಡದ ಭೂರಹಿತ ಕುಟುಂಬಗಳಿಗೆ ಸರ್ಕಾರ ಕೊಟ್ಟ ಜಮೀನನ್ನ ಉಳ್ಳವರು ಕಾಸಿಗೊಂದು ಕೊಸರಿಗೊಂದು ಅಂತ ಬರೆಸಿಕೊಳ್ತಿದ್ರು, ಅದಕ್ಕೇ 1978ರ ಈ ಕಾಯ್ದೆ ಬಂತು. ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಅಸಿಂಧು. ಎಸಿ ಆ ಜಮೀನನ್ನ ಮೂಲ ಕುಟುಂಬಕ್ಕೆ ವಾಪಸ್ ಕೊಡಿಸಬಹುದು. ಅರ್ಜಿ ಹಾಕೋಕೆ ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿನೂ ಆಯ್ತು. ಮೂರು ಕೈ ದಾಟಿ ನಿಮಗೆ ಬಂದಿದ್ರೂ ಬಚಾವಾಗಲ್ಲ. ಮೂಲ ಮಂಜೂರಾತಿ ಕಡತ, ಸಾಗುವಳಿ ಚೀಟಿ ನೋಡದೆ ಇಂಥ ಜಮೀನಿಗೆ ಕೈ ಹಾಕ್ಬೇಡಿ.

ಸರಿ, ಜಮೀನು ಶುದ್ಧ ಅಂದ್ಕೊಳ್ಳಿ. ಕೇಸು ನಿಮ್ಮ ವ್ಯಾಪಾರದ ಕಡೆಯಿಂದ ಬಂದ್ರೆ? ಕೆ.ಆರ್. ಪೇಟೆಯಲ್ಲಿ ನಿಮ್ಮೊಬ್ಬರ ಹೆಸರಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ ಅಂತಿಟ್ಕೊಳ್ಳಿ. ಜಿಎಸ್‌ಟಿ ನಂಬರ್, ಕರೆಂಟ್ ಅಕೌಂಟ್ ಎಲ್ಲಾ ಬೇರೆ ಇದ್ರೂ, ಕಾನೂನಿನ ಲೆಕ್ಕದಲ್ಲಿ ಅಂಗಡಿನೂ ನೀವೂ ಒಂದೇ. ಅಂಗಡಿ ಸಾಲದ ಡಿಕ್ರಿ ನಿಮ್ಮ ಸೈಟಿನ ಮೇಲೂ ಬೀಳುತ್ತೆ. ಮೂವರು ಸ್ನೇಹಿತರು ಪಾಲುದಾರಿಕೇಲಿ ಲೇಔಟ್ ಮಾಡಿದ್ರಂತೂ ಒಬ್ಬ ಮಾಡಿದ ಸಾಲಕ್ಕೆ ಮೂವರ ಸ್ವಂತ ಆಸ್ತಿನೂ ಹೊಣೆ. ಎಲ್‌ಎಲ್‌ಪಿ ಅಥವಾ ಪ್ರೈವೇಟ್ ಲಿಮಿಟೆಡ್ ಮಾಡಿದ್ರೆ ಸಾಮಾನ್ಯವಾಗಿ ಹೊಣೆ ನೀವು ಹಾಕಿದ ಬಂಡವಾಳಕ್ಕೆ ನಿಲ್ಲುತ್ತೆ. ಆದ್ರೆ ಬ್ಯಾಂಕಿನವರು ಸಾಲಕ್ಕೆ ವೈಯಕ್ತಿಕ ಜಾಮೀನು ಕೇಳ್ತಾರೆ. ಆ ಒಂದು ಸಹಿ ಬಿದ್ರೆ ಕಟ್ಟಿದ ಗೋಡೆಗೆ ನೀವೇ ಬಾಗಿಲು ಇಟ್ಟ ಹಾಗೆ.

‘ಹೆಂಡ್ತಿ ಹೆಸರಿಗೆ ಮಾಡ್ಬಿಡಪ್ಪ’ ಅನ್ನೋ ಸಲಹೆ ಇದೆಯಲ್ಲ, ಅದು ಯಾವಾಗ ಅನ್ನೋದೇ ಮುಖ್ಯ. ಸಾಲಗಾರರಿಗೆ ಸಿಗಬಾರದು ಅಂತ ಮಾಡಿದ ವರ್ಗಾವಣೆಯನ್ನ 53ನೇ ಕಲಂ ಪ್ರಕಾರ ಸಾಲ ಕೊಟ್ಟವರು ರದ್ದು ಮಾಡಿಸಬಹುದು. ಲಾಯರ್ ನೋಟಿಸ್ ಬಂದ ವಾರವೇ ದಾನಪತ್ರ ಬರೆದ್ರೆ ಆ ತಾರೀಖೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತೆ. ನೆಮ್ಮದಿಯ ಕಾಲದಲ್ಲಿ ಮಾಡೋದಕ್ಕೆ ಬೇರೆ ದಾರಿ ಇದೆ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಹೆಂಡತಿ ಮಕ್ಕಳಿಗೆ ಅಂತ ಮಾಡಿಸಿದ ಜೀವವಿಮೆಯ ಹಣವನ್ನ ಸಾಮಾನ್ಯವಾಗಿ ಗಂಡನ ಸಾಲಗಾರರು ಮುಟ್ಟೋಕಾಗಲ್ಲ. ಪಾಲಿಸಿ ತಗೊಳ್ಳುವಾಗಲೇ ಅದಕ್ಕೆ ಸಹಿ ಹಾಕ್ಬೇಕು, ಆಮೇಲೆ ಸೇರಿಸೋಕಾಗಲ್ಲ. ಪಿಪಿಎಫ್ ಖಾತೆಯನ್ನೂ, ರೈತ ಸ್ವತಃ ವಾಸ ಇರೋ ಮನೆಯನ್ನೂ ಸಿವಿಲ್ ಡಿಕ್ರಿಯ ಜಪ್ತಿಯಿಂದ ಕಾನೂನು ಹೊರಗಿಟ್ಟಿದೆ. ವಾರಾಂತ್ಯದ ಫಾರ್ಮ್‌ಹೌಸ್ ಮಾತ್ರ ಈ ಲೆಕ್ಕಕ್ಕೆ ಬರಲ್ಲ!

ಕೊನೆಗೆ ಒಂದು ಚಿಕ್ಕ ಕೆಲಸ. ಕ್ರಯ ಆದ್ಮೇಲೆ ಯಾರಾದ್ರೂ ತಕರಾರು ತೆಗೀತಾರೆ ಅನ್ನೋ ಗುಮಾನಿ ಇದ್ರೆ, ಸಿವಿಲ್ ಕೋರ್ಟಲ್ಲಿ ಕೇವಿಯಟ್ ಹಾಕಿಸಿ. ನಿಮ್ಮ ಮಾತು ಕೇಳದೆ ತಡೆಯಾಜ್ಞೆ ಕೊಡೋ ಹಾಗಿರಲ್ಲ. ಅದರ ಆಯಸ್ಸು 90 ದಿನ, ಮುಗಿದ್ಮೇಲೆ ಮತ್ತೆ ಹಾಕಿಸಬೇಕು. ಮುಂದಿನ ಸಂಚಿಕೆ ಪೋಡಿ ಮತ್ತು ಹದ್ದುಬಸ್ತಿನ ಬಗ್ಗೆ.