ಬಿಗಿ ಇದ್ದರೆ ಬಗ್ಗಿ

ಡೊಂಬಿವಲಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಎಂಜಿನಿಯರಿಂಗ್ ಓದುತ್ತಿರುವ ಮಗನಿಗೆ ರಿಮೋಟ್‌ನಲ್ಲಿ ಓಡಿಸುವ ನೈಟ್ರೋ ಬಗ್ಗಿ ಬೇಕಂತೆ. ಹೊಸದು ದುಬಾರಿ. ಕಾಲೇಜು ಮುಗಿಸಿ ಹೊರಟಿರುವ ಸೀನಿಯರ್ ಹುಡುಗನೊಬ್ಬ ತನ್ನದನ್ನು ಅರ್ಧ ಬೆಲೆಗೆ ಕೊಡಲು ಒಪ್ಪಿದ್ದಾನೆ. ಯಾವುದನ್ನು ಕೊಳ್ಳುವುದು? ಕೊನೆಗೆ ಒಂದು ಸಾಲು ಸೇರಿಸಿದ್ದಾರೆ: ‘ಒಂದೇ ಎಳೆತಕ್ಕೆ ಸ್ಟಾರ್ಟ್ ಆಯಿತು, ಎಂಜಿನ್ ಚೆನ್ನಾಗಿಯೇ ಇರಬೇಕು.’

ಆ ಕೊನೆಯ ಸಾಲು ನನ್ನನ್ನು ಬರೆಯಲು ಕೂರಿಸಿತು. ತಣ್ಣಗಿದ್ದ ಎಂಜಿನ್ ಒಂದೇ ಎಳೆತಕ್ಕೆ ಹೊತ್ತಿಕೊಂಡರೆ ಅದರ ಆಯುಸ್ಸಿನ ಬಗ್ಗೆ ಏನೂ ತಿಳಿಯುವುದಿಲ್ಲ. ಏಕೆ ಎಂಬುದರಲ್ಲಿ ಈ ಪುಟ್ಟ ಯಂತ್ರದ ಅತಿ ಸೊಗಸಾದ ಗುಟ್ಟು ಅಡಗಿದೆ.

ಮುಂಬೈಯಲ್ಲಿ ಈ ಹುಚ್ಚಿಗೂ ಕಾಲೇಜು ಹಬ್ಬಗಳಿಗೂ ನಂಟಿದೆ. ಪವಾಯಿಯ ಐಐಟಿಯಲ್ಲಿ 1998ರಲ್ಲಿ ಶುರುವಾದ ಟೆಕ್‌ಫೆಸ್ಟ್‌ನಲ್ಲಿ ಇಂಥ ಎಂಜಿನ್ ಕಾರುಗಳ ಓಟವೂ ನಡೆದಿದೆ. ಹಬ್ಬ ಮುಗಿದ ಮೇಲೆ, ಓದು ಮುಗಿದ ಮೇಲೆ, ಬಗ್ಗಿಗಳು ಕೈಯಿಂದ ಕೈಗೆ ದಾಟುತ್ತವೆ. ಹಾಗಾಗಿ ಪತ್ರದ ಪ್ರಶ್ನೆ ಒಂದು ಮನೆಯದಷ್ಟೇ ಅಲ್ಲ.

ರೇಸಿಗೆ ಬಳಸುವ ಬಗ್ಗಿ ನಿಜವಾದ ಗಾಡಿಯ ಎಂಟನೇ ಒಂದು ಪಾಲು. ತೂಕ ಮೂರು ಕಿಲೋಗಿಂತ ತುಸು ಹೆಚ್ಚು. ಎಂಜಿನ್ 3.5 ಸಿಸಿ, ಟೂ-ಸ್ಟ್ರೋಕ್. ನಿಮಿಷಕ್ಕೆ 30,000 ಸುತ್ತು ಮೀರಿ ತಿರುಗುತ್ತದೆ. ಅಂದರೆ ಸೆಕೆಂಡಿಗೆ 500 ಸಲ ಇಂಧನ ಹೊತ್ತಿ, ಉರಿದು, ಹೊಗೆಯಾಗಿ ಹೊರಬೀಳಬೇಕು. ಗಿಯರು, ಕ್ಲಚ್ಚು, ಸಸ್ಪೆನ್ಶನ್ ಇತ್ಯಾದಿ ದೊಡ್ಡ ಗಾಡಿಗಳಲ್ಲಿ ಇರುವಂಥವೇ. ಅವನ್ನು ಬಿಟ್ಟು ಮುಂದೆ ಹೋಗೋಣ.

ಮೊದಲು ‘ನೈಟ್ರೋ’ ಎಂಬ ಹೆಸರಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ. ಸಿನಿಮಾದಲ್ಲಿ ಗುಂಡಿ ಒತ್ತಿದೊಡನೆ ಕಾರು ಬಾಣದಂತೆ ನುಗ್ಗುತ್ತದಲ್ಲ, ಅದು ಸಿಲಿಂಡರಿನಲ್ಲಿ ತುಂಬಿದ ನೈಟ್ರಸ್ ಆಕ್ಸೈಡ್ ಅನಿಲ. ಬಗ್ಗಿಯ ಟ್ಯಾಂಕಿಗೆ ಸುರಿಯುವುದು ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆ ಬೆರೆಸಿದ ದ್ರವ. ನೈಟ್ರೋಮೀಥೇನಿನಲ್ಲಿ ಪೆಟ್ರೋಲಿಗಿಂತ ಹೆಚ್ಚು ಶಕ್ತಿ ಇದೆ ಎಂದು ಹಲವರು ನಂಬಿದ್ದಾರೆ. ತೂಕಕ್ಕೆ ತೂಕ ಅಳೆದರೆ ಪೆಟ್ರೋಲಿನ ಸುಮಾರು ಕಾಲು ಭಾಗದಷ್ಟು ಶಕ್ತಿ ಮಾತ್ರ ಅದರಲ್ಲಿದೆ: ಕಿಲೋಗೆ ಸುಮಾರು 11 ಮೆಗಾಜೂಲ್, ಪೆಟ್ರೋಲಿಗೆ 44. ಆದರೆ ಅದರ ಅಣುವಿನೊಳಗೇ ಆಮ್ಲಜನಕ ಕೂತಿದೆ. ಒಂದು ಕಿಲೋ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು, ನೈಟ್ರೋಮೀಥೇನಿಗೆ 1.7 ಕಿಲೋ ಸಾಕು. ಎಂಜಿನ್ ಒಂದು ಉಸಿರಿಗೆ ಎಳೆಯುವ ಗಾಳಿ ಅಷ್ಟೇ ಇರುವಾಗ, ಅದರಲ್ಲಿ ಪೆಟ್ರೋಲಿನ ಎಂಟು ಪಟ್ಟಿಗಿಂತ ಹೆಚ್ಚು ಇಂಧನ ಉರಿಸಬಹುದು. ಲೆಕ್ಕ ಹಾಕಿ ನೋಡಿದರೆ ಅದೇ ಗಾಳಿಗೆ ಎರಡು ಪಟ್ಟಿಗೂ ಮಿಕ್ಕಿದ ಶಕ್ತಿ. ನನಗೆ ಈ ಲೆಕ್ಕ ಎಷ್ಟು ಸಲ ಮಾಡಿದರೂ ಖುಷಿ ಕೊಡುತ್ತದೆ.

ಹಾಗೆಂದು ಇಂಧನದ ಡಬ್ಬದ ಮೇಲೆ ಬರೆದ ನೈಟ್ರೋಮೀಥೇನಿನ ಶೇಕಡಾ ಹೆಚ್ಚಿದಷ್ಟೂ ಒಳ್ಳೆಯದೆಂದು ಹುಡುಗರು ಬಡಿದಾಡುವುದು ಬೇಡ. ಸ್ಫೋಟಕ ತಯಾರಿಕೆಗೆ ಬಳಕೆಯಾದೀತೆಂಬ ಕಾರಣಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ 2021ರಿಂದ ಶೇ 16ಕ್ಕಿಂತ ಹೆಚ್ಚು ನೈಟ್ರೋಮೀಥೇನ್ ಇರುವ ಇಂಧನವನ್ನು ಜನಸಾಮಾನ್ಯರು ಪರವಾನಗಿ ಇಲ್ಲದೆ ಕೊಳ್ಳುವಂತಿಲ್ಲ. ಅಲ್ಲಿ ಅಷ್ಟರಲ್ಲೇ ಸೊಗಸಾಗಿ ರೇಸು ನಡೆಸುತ್ತಾರೆ.

ಈ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಇರುವುದು ಗ್ಲೋ ಪ್ಲಗ್, ಅದರೊಳಗೆ ಸುರುಳಿ ಸುತ್ತಿದ ಪ್ಲಾಟಿನಂ ತಂತಿ. ಸ್ಟಾರ್ಟ್ ಮಾಡುವಾಗ ಒಂದೂವರೆ ವೋಲ್ಟಿನ ಸೆಲ್ ಹಚ್ಚಿ ತಂತಿಯನ್ನು ಕೆಂಪಗೆ ಕಾಯಿಸುತ್ತಾರೆ. ಎಂಜಿನ್ ಓಡಲು ತೊಡಗಿದೊಡನೆ ಸೆಲ್ ಕಿತ್ತುಹಾಕುತ್ತಾರೆ. ಆಮೇಲೆ ತಂತಿ ಕೆಂಪಗಿರುವುದು ಹೇಗೆ? ಮೆಥನಾಲ್ ಆವಿ ಪ್ಲಾಟಿನಂ ಮೈಗೆ ತಾಗಿದಾಗ ಅಲ್ಲೇ ಆಮ್ಲಜನಕದ ಜೊತೆ ಕೂಡಿ ಬಿಸಿ ಹುಟ್ಟಿಸುತ್ತದೆ, ಪ್ಲಾಟಿನಂ ಮಾತ್ರ ಖರ್ಚಾಗುವುದಿಲ್ಲ. ಪ್ಲಾಟಿನಂನ ಈ ಗುಣವನ್ನು ಬಳಸಿ 1823ರಲ್ಲೇ ಜರ್ಮನಿಯ ಡೋಬೆರೈನರ್ ಕಿಡಿಯಿಲ್ಲದೆ ಜಲಜನಕ ಹೊತ್ತಿಸಿ ತೋರಿಸಿದ್ದ. ಅಮೆರಿಕದ ರೇ ಆರ್ಡನ್ 1947ರಲ್ಲಿ ಅದನ್ನು ಆಟದ ವಿಮಾನಗಳ ಎಂಜಿನ್ನಿಗೆ ತಂದ. ಇದರಿಂದಾಗಿ ಈ ಎಂಜಿನ್ನಿಗೆ ಕೀಲಿಯೂ ಇಲ್ಲ, ಆಫ್ ಮಾಡುವ ಸ್ವಿಚ್ಚೂ ಇಲ್ಲ. ನಿಲ್ಲಿಸಬೇಕಾದರೆ ಹೊಗೆಕೊಳವೆಯ ಬಾಯಿ ಮುಚ್ಚಬೇಕು ಅಥವಾ ಇಂಧನದ ನಳಿಕೆ ಹಿಚುಕಬೇಕು.

ಈಗ ಪತ್ರದ ಪ್ರಶ್ನೆಗೆ ಬರುತ್ತೇನೆ. ಸ್ಕೂಟರಿನ ಪಿಸ್ಟನ್ನಿಗೆ ಉಂಗುರಗಳಿರುತ್ತವೆ. ಸಿಲಿಂಡರಿನ ಗೋಡೆಗೆ ಒತ್ತಿಕೊಂಡು ಅನಿಲ ಸೋರದಂತೆ ತಡೆಯುವ ಕೆಲಸ ಅವುಗಳದ್ದು. ಬಗ್ಗಿಯ ಪಿಸ್ಟನ್ನಿಗೆ ಉಂಗುರವೇ ಇಲ್ಲ. ನುಣುಪಾದ ಅಲ್ಯುಮಿನಿಯಂ ಪಿಸ್ಟನ್, ಕ್ರೋಮ್ ಲೇಪಿಸಿದ ಹಿತ್ತಾಳೆಯ ಸ್ಲೀವ್, ಅಷ್ಟೇ. ಆ ಸ್ಲೀವ್ ನೋಡಲು ನೇರ ಕೊಳವೆ, ಆದರೆ ಬೇಕೆಂದೇ ಮೇಲ್ತುದಿಯಲ್ಲಿ ಕಿರಿದು ಮಾಡಿರುತ್ತಾರೆ. ವ್ಯತ್ಯಾಸ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ತಣ್ಣಗಿರುವಾಗ ಪಿಸ್ಟನ್ ಮೇಲೆ ಬಂದು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಹೊಸ ಎಂಜಿನ್ನಿನ ಫ್ಲೈವೀಲನ್ನು ಬೆರಳಿನಿಂದ ತಿರುಗಿಸಿದರೆ ಮೇಲ್ತುದಿಯಲ್ಲಿ ಕಿರ್ ಎಂದು ನಿಂತೇಬಿಡುತ್ತದೆ. ಓಡಿಸುವವರು ಇದಕ್ಕೆ ‘ಪಿಂಚ್’ ಅನ್ನುತ್ತಾರೆ.

ಎಂಜಿನ್ ಓಡಿದಾಗ ಮೇಲ್ತುದಿ ಎಲ್ಲಕ್ಕಿಂತ ಹೆಚ್ಚು ಕಾಯುತ್ತದೆ, ಏಕೆಂದರೆ ಉರಿ ಇರುವುದು ಅಲ್ಲಿಯೇ. ಹಿತ್ತಾಳೆ ಹಿಗ್ಗಿ ಬಾಯಿ ಅಗಲಿಸುತ್ತದೆ. ಪಿಸ್ಟನ್ನಿನ ಅಲ್ಯುಮಿನಿಯಂಗೆ ಸಿಲಿಕಾನ್ ಬೆರೆಸಿ ಅದು ಅತಿಯಾಗಿ ಹಿಗ್ಗದಂತೆ ಮಾಡಿರುತ್ತಾರೆ. ಬಿಗಿಯಾಗಿ ಕೂತ ಉಪ್ಪಿನಕಾಯಿ ಬಾಟಲಿಯ ಲೋಹದ ಮುಚ್ಚಳಕ್ಕೆ ಅಮ್ಮಂದಿರು ಬಿಸಿನೀರು ಹೊಯ್ದು ತೆಗೆಯುವುದು ಇದೇ ಹಿಗ್ಗುವಿಕೆಯನ್ನು ನಂಬಿ. ಎಂಜಿನ್ನಿನ ತಲೆ ನೂರು ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕೊಳವೆ ನೆಟ್ಟಗಾಗಿ, ಪಿಸ್ಟನ್ನಿಗೂ ಗೋಡೆಗೂ ನಡುವೆ ಎಣ್ಣೆಯ ಪೊರೆಗೆ ಬೇಕಾದಷ್ಟೇ ಜಾಗ ಉಳಿಯುತ್ತದೆ. ತಣ್ಣಗಿದ್ದಾಗ ತಪ್ಪು ಅಳತೆಯಲ್ಲಿರುವ ಯಂತ್ರ, ಬಿಸಿಯಾದಾಗ ಸರಿ ಅಳತೆಗೆ ಬಂದು ನಿಲ್ಲುವಂತೆ ಯಾರೋ ಮೊದಲೇ ಯೋಚಿಸಿ ಕಡೆದಿದ್ದಾರೆ. ಅಂಗೈಯಲ್ಲಿ ಹಿಡಿಯುವ ಲೋಹದ ತುಂಡಿನಲ್ಲಿ ಇಷ್ಟು ಬುದ್ಧಿ!

ಸವೆದ ಎಂಜಿನ್ ಇಲ್ಲೇ ಸಿಕ್ಕಿಬೀಳುತ್ತದೆ. ಪಿಂಚ್ ಬಹುಮಟ್ಟಿಗೆ ಕಳೆದುಕೊಂಡರೂ ತಣ್ಣಗಿರುವಾಗ ಇನ್ನೂ ಸ್ವಲ್ಪ ಬಿಗಿ ಉಳಿದಿರುತ್ತದೆ, ಆದ್ದರಿಂದ ಹೊತ್ತಿಕೊಳ್ಳುತ್ತದೆ. ಕಾದು ಹಿಗ್ಗಿದ ಮೇಲೆ ಅನಿಲ ಪಕ್ಕದಿಂದ ನುಸುಳುತ್ತದೆ. ಐಡಲ್‌ನಲ್ಲಿ ನಿಂತುಹೋಗುತ್ತದೆ, ಮತ್ತೆ ಸ್ಟಾರ್ಟ್ ಆಗಲು ಒಲ್ಲೆ ಎನ್ನುತ್ತದೆ. ಹಾಗಾಗಿ ಮಾರುವವನಿಗೆ ಹೇಳಿ: ಒಂದು ಟ್ಯಾಂಕ್ ಪೂರ್ತಿ ಓಡಿಸಿ, ನಿಲ್ಲಿಸಿ, ಬಿಸಿ ಆರುವ ಮೊದಲೇ ಮತ್ತೆ ಸ್ಟಾರ್ಟ್ ಮಾಡಿ ತೋರಿಸಲಿ. ಇನ್ನೊಂದು ಪರೀಕ್ಷೆ ಎಂಜಿನ್ ಪೂರ್ತಿ ಆರಿದ ಮೇಲೆ. ಗ್ಲೋ ಪ್ಲಗ್ ಬಿಚ್ಚಿ ಫ್ಲೈವೀಲ್ ತಿರುಗಿಸಿ. ಪ್ಲಗ್ ಇಲ್ಲದಾಗ ಗಾಳಿಯ ಒತ್ತಡವೂ ಇರುವುದಿಲ್ಲ, ಬೆರಳಿಗೆ ಸಿಗುವುದು ಪಿಂಚ್ ಒಂದೇ. ಮೇಲ್ತುದಿಯಲ್ಲಿ ತಡೆ ಸಿಗದೆ ಸಲೀಸಾಗಿ ತಿರುಗಿದರೆ ಪಿಸ್ಟನ್ನು, ಸ್ಲೀವು ಎರಡೂ ಬದಲಾಯಿಸಬೇಕು. ಆ ಖರ್ಚನ್ನು ಬೆಲೆಯಿಂದ ಕಳೆದು ಮಾತಾಡಿ.

ಹೊಸ ಎಂಜಿನ್ ಕೊಂಡವರು ಇದೇ ಬಿಗಿಯನ್ನು ಕಂಡು ಹೆದರುತ್ತಾರೆ. ‘ಜಾಮ್ ಆಗಿದೆ’ ಎಂದು ಮರಳುಕಾಗದ ಹಿಡಿದು ಪಿಸ್ಟನ್ ಉಜ್ಜುವವರಿದ್ದಾರೆ. ದಯವಿಟ್ಟು ಬೇಡ! ಹೇರ್ ಡ್ರೈಯರಿನಿಂದ ಎಂಜಿನ್ನಿನ ತಲೆ ಬೆಚ್ಚಗೆ ಮಾಡಿ ಆಮೇಲೆ ಸ್ಟಾರ್ಟ್ ಮಾಡಿ. ಮೊದಲ ಕೆಲವು ಟ್ಯಾಂಕ್‌ಗಳನ್ನು ಇಂಧನ ಹೆಚ್ಚು ಬಿಟ್ಟು ಮೆಲ್ಲಗೆ ಓಡಿಸಿ, ನಿಲ್ಲಿಸಿದಾಗ ಪಿಸ್ಟನ್ ಕೆಳಗಿರುವಂತೆ ಫ್ಲೈವೀಲ್ ತಿರುಗಿಸಿ ಆರಲು ಬಿಡಿ. ಈ ಊರಿನಲ್ಲಿ ಹೊಸ ಬಗ್ಗಿಗೂ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದನ್ನು ಕಂಡಿದ್ದೇನೆ. ದೃಷ್ಟಿ ತಾಗಿ ಯಾವ ಎಂಜಿನ್ನೂ ಸೀಯಲಿಲ್ಲ. ವೇಗದಾಸೆಗೆ ಕಾರ್ಬುರೇಟರಿನ ಸೂಜಿ ಬಿಗಿದು ಇಂಧನ ಕಡಿಮೆ ಮಾಡಿದಾಗ ಸೀಯುತ್ತದೆ, ಏಕೆಂದರೆ ಇಲ್ಲಿ ಎಣ್ಣೆ ಬರುವುದು ಇಂಧನದ ಜೊತೆಗೇ, ಎಂಜಿನ್ನನ್ನು ತಂಪಾಗಿಡಲು ನೆರವಾಗುವುದೂ ಮೆಥನಾಲ್ ಆವಿಯಾಗುವಾಗ ಹೀರುವ ಶಾಖವೇ. ಇಂಧನ ಕಡಿಮೆಯಾದರೆ ಎರಡೂ ಒಟ್ಟಿಗೆ ಹೋದಂತೆ.

ಮುಂಬೈಗೆಂದೇ ಎರಡು ಮಾತು. ಕಟ್ಟಡ ಕೆಲಸದ ದೂಳಿನಲ್ಲಿರುವ ಮರಳಿನ ಕಣ ಅಲ್ಯುಮಿನಿಯಂಗಿಂತ ಬಹಳ ಗಟ್ಟಿ. ಹಳೆಯ ಬಗ್ಗಿಯ ಏರ್ ಫಿಲ್ಟರ್ ತೆಗೆದು ನೋಡಿ: ಸ್ಪಾಂಜು ಎಣ್ಣೆಯಿಲ್ಲದೆ ಒಣಗಿದ್ದರೆ, ಕಾರ್ಬುರೇಟರಿನ ಬಾಯಲ್ಲಿ ದೂಳು ಕಂಡರೆ, ಕೊಳ್ಳಬೇಡಿ. ಇನ್ನು ಮಳೆಗಾಲ. ಮೆಥನಾಲ್ ಗಾಳಿಯ ತೇವ ಹೀರುತ್ತದೆ, ಉರಿದಾಗಲೂ ನೀರು ಹುಟ್ಟುತ್ತದೆ. ಜೂನ್‌ನಲ್ಲಿ ಎಣ್ಣೆ ಬಿಡದೆ ಕಟ್ಟಿಟ್ಟ ಎಂಜಿನ್ನಿನ ಬೇರಿಂಗು ಅಕ್ಟೋಬರಿಗೆ ತುಕ್ಕು ಹಿಡಿದು ಗರಗರ ಎನ್ನುತ್ತದೆ. ಅಂಗಡಿಯ ಕಪಾಟಿನಲ್ಲಿ ವರ್ಷಗಟ್ಟಲೆ ಕೂತ ‘ಹೊಸ’ ಎಂಜಿನ್ನಿಗೂ ಈ ತುಕ್ಕಿನ ಮಾತು ಅನ್ವಯ.

ನನ್ನ ಸಲಹೆ ಇದು. ಷಾಸಿ ಹಳೆಯದಾದರೂ ಸರಿ, ಎಂಜಿನ್ ಮಾತ್ರ ಬಿಗಿಯಾಗಿರಲಿ. ಬಿಡಿಭಾಗ ಸಿಗುವ ಕಂಪನಿಯ ಷಾಸಿಯಲ್ಲಿ ಸವೆದದ್ದನ್ನು ಕಣ್ಣಿನಿಂದಲೇ ಕಂಡು ಒಂದೊಂದಾಗಿ ಬದಲಾಯಿಸಬಹುದು. ಸೀನಿಯರ್ ಹುಡುಗನ ಎಂಜಿನ್ ಬಿಸಿ ಪರೀಕ್ಷೆ ಗೆದ್ದರೆ ಅದನ್ನೇ ಓಡಿಸಿ, ಸೋತರೆ ಹೊಸದನ್ನು ಕೂರಿಸಿ. ರೇಡಿಯೊ ಹಳೆಯ 27 ಮೆಗಾಹರ್ಟ್ಸಿನದಾದರೆ ಮುಲಾಜಿಲ್ಲದೆ ಬಿಸಾಡಿ, 2.4 ಗಿಗಾಹರ್ಟ್ಸಿನದು ತನ್ನಿ. ಸಿಗ್ನಲ್ ತಪ್ಪಿದಾಗ ಥ್ರಾಟಲ್ ಮುಚ್ಚಿ ಬ್ರೇಕ್ ಹಾಕುವ ಫೇಲ್‌ಸೇಫ್ ಅದರಲ್ಲಿ ಇರಲೇಬೇಕು. ಕ್ರಿಕೆಟ್ ಆಡುವ ಮಕ್ಕಳಿರುವ ಮೈದಾನದಲ್ಲಿ ಹಿಡಿತ ತಪ್ಪಿದ ಮೂರು ಕಿಲೋ ಗಾಡಿ ಕಾಲು ಮುರಿಯಬಲ್ಲದು.

ಇಂಧನದ ವಿಷಯದಲ್ಲಿ ತಂದೆಯವರೇ ಗಮನ ಕೊಡಬೇಕು. 2015ರ ಜೂನ್‌ನಲ್ಲಿ ಮಾಲಾಡಿನ ಮಾಲ್ವಣಿಯಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದ ಕಳ್ಳಭಟ್ಟಿಯಲ್ಲಿದ್ದುದು ಇದೇ ಮೆಥನಾಲ್. ಅದನ್ನು ನೀರಿನ ಬಾಟಲಿಗೆ ಸುರಿದು ಮನೆಯಲ್ಲಿ ಇಡಕೂಡದು. ಮೂಲ ಡಬ್ಬದಲ್ಲೇ, ಬೀಗ ಹಾಕಿ, ಅಡಿಗೆಮನೆಯಿಂದ ದೂರ ಇಡಿ. ಹಗಲಲ್ಲಿ ಮೆಥನಾಲಿನ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲ, ಆದ್ದರಿಂದ ಬಿಸಿ ಎಂಜಿನ್ನಿನ ಮೇಲೆ ಚೆಲ್ಲದಂತೆ ಎಚ್ಚರ ಬೇಕು. ಲೋಕಲ್ ಟ್ರೇನಿನಲ್ಲಿ ಇದನ್ನು ಒಯ್ಯುವಂತಿಲ್ಲ. ಒಂದು ಲೀಟರಿನಲ್ಲಿ 125 ಸಿಸಿಯ ಟ್ಯಾಂಕ್ ಎಂಟು ಸಲ ತುಂಬುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ಗಂಟೆಯ ಓಟ. ಬಗ್ಗಿಯ ಬೆಲೆ ಚೌಕಾಸಿ ಮಾಡುವ ಮೊದಲು ಈ ಲೀಟರಿಗೆ ಎಷ್ಟು ಬೀಳುತ್ತದೆ, ಎಲ್ಲಿ ಸಿಗುತ್ತದೆ ಎಂದು ಮಗನಿಂದಲೇ ವಿಚಾರಿಸಿ ಬರೆಸಿಕೊಳ್ಳಿ.