ಪಹಣಿಗೂ ಸಹಿ, ಎಕ್ಸ್‌ಟೆನ್ಷನ್‌ಗೂ ಸಹಿ

ಬಾಗಲೂರು ಕಡೆ ಜಮೀನು ನೋಡಲು ಬರುವವರು ಮೊದಲು ಕೇಳುವುದು ಪಹಣಿ. 2000ದಲ್ಲಿ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರ್ ಸೇರಿತು; ಈಗ ಆನ್‌ಲೈನ್‌ನಲ್ಲಿ ತೆಗೆದ ಪ್ರತಿಗೆ ಡಿಜಿಟಲ್ ಸಹಿ ಇರುತ್ತದೆ. ಇದು ಕಂದಾಯ ದಾಖಲೆಯಿಂದಲೇ ಬಂದದ್ದು, ನಡುವೆ ಯಾರೂ ತಿದ್ದಿಲ್ಲ ಎನ್ನುವುದಕ್ಕೆ ಆ ಸಹಿ ಸಾಕ್ಷಿ. ಆದರೆ ಮಾರುವವನು ಆ ಜಮೀನನ್ನೇ ಇನ್ನೊಬ್ಬರಿಗೂ ಬರೆದುಕೊಟ್ಟಿದ್ದಾನೆಯೇ ಎಂದು ತಿಳಿಯಬೇಕಾದರೆ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಲೇಬೇಕು.

ಬ್ರೌಸರ್ ಎಕ್ಸ್‌ಟೆನ್ಷನ್‌ನ ಸಹಿಯೂ ಇದೇ ಜಾತಿಯದು: ನಡುವೆ ಯಾರೂ ತಿದ್ದಿಲ್ಲ ಎನ್ನುತ್ತದೆ, ಅಷ್ಟೇ. ಫೈರ್‌ಫಾಕ್ಸ್ 2015ರ ಡಿಸೆಂಬರ್‌ನಲ್ಲಿ, 43ನೇ ಆವೃತ್ತಿಯಿಂದ, ಸಹಿಯಿಲ್ಲದವನ್ನು ತಡೆಯಿತು. ಸೆಟ್ಟಿಂಗ್ ಬದಲಿಸಿ ನುಸುಳುವ ದಾರಿಯೊಂದು ಉಳಿದಿತ್ತು. ಮರುವರ್ಷದ 48ನೇ ಆವೃತ್ತಿ ಅದನ್ನೂ ಮುಚ್ಚಿತು. ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸಿದ್ದನ್ನು ಯೂನಿಕೋಡ್‌ಗೆ ತಿರುಗಿಸಲು ಗೆಳೆಯರೊಬ್ಬರು ಬರೆದುಕೊಟ್ಟ ಪುಟ್ಟ ಎಕ್ಸ್‌ಟೆನ್ಷನ್ ಇದ್ದರೆ, ಅದೂ ಹೊರಗೆ.

ಆದರೆ ಎಲ್ಲ ಎಕ್ಸ್‌ಟೆನ್ಷನ್‌ಗಳೂ ಒಟ್ಟಿಗೆ ಕೈಕೊಟ್ಟರೆ ಅವುಗಳ ಮೇಲೆ ಗುಮಾನಿ ಬೇಡ. 2019ರ ಮೇ ತಿಂಗಳಲ್ಲಿ ಮೊಜಿಲ್ಲಾದ ಒಂದು ಸರ್ಟಿಫಿಕೇಟಿನ ಅವಧಿ ಮುಗಿದು, ಸಹಿ ಇದ್ದವೂ ಜಗತ್ತಿನಾದ್ಯಂತ ನಿಂತುಹೋಗಿದ್ದವು. 2025ರ ಮಾರ್ಚ್ 14ರಂದು ಮೂಲ ಸರ್ಟಿಫಿಕೇಟಿನ ಅವಧಿಯೂ ಮುಗಿಯಿತು. ಹಾಗಾಗಿ ಫೈರ್‌ಫಾಕ್ಸ್ 128 ಅಥವಾ ಅದಕ್ಕಿಂತ ಹೊಸದು ಬೇಕು. ಜೆರಾಕ್ಸ್ ಅಂಗಡಿಯ ವಿಂಡೋಸ್ 7 ಯಂತ್ರಕ್ಕೆ ಫೈರ್‌ಫಾಕ್ಸ್‌ನ ದೀರ್ಘಾವಧಿ ಆವೃತ್ತಿಯಾದ ಇಎಸ್ಆರ್ 115.13 ಅಥವಾ ಅದರ ನಂತರದ ಇಎಸ್ಆರ್ 115.

ಸಹಿಯಿಲ್ಲದ್ದು ಬೇಕೇ ಬೇಕೆಂದರೆ ಮೊದಲು ಬಿಚ್ಚಿ ನೋಡಿ. ಅದು ಬರುವ ಎಕ್ಸ್‌ಪಿಐ ಫೈಲು ಅಸಲಿಗೆ ಜಿಪ್ ಗಂಟು. ಒಳಗಿನ ಮ್ಯಾನಿಫೆಸ್ಟ್ ಫೈಲೇ ಅದರ ಇಸಿ: ಏನೇನು ಅನುಮತಿ ಕೇಳುತ್ತದೆ ಎಂಬುದು ಅಲ್ಲಿದೆ. ಅಕ್ಷರ ತಿರುಗಿಸುವುದಷ್ಟೇ ಕೆಲಸವಾದದ್ದಕ್ಕೆ ಎಲ್ಲ ವೆಬ್‌ಸೈಟ್‌ಗಳನ್ನೂ ಓದುವ ಅನುಮತಿ ಏಕೆ? ಕೊಟ್ಟರೆ ನಿಮ್ಮ ಬ್ಯಾಂಕ್ ಪುಟವೂ ಅದರ ಕಣ್ಣಿಗೆ ಬೀಳುತ್ತದೆ.

ಫೈರ್‌ಫಾಕ್ಸ್‌ನ ಡೆವಲಪರ್ ಎಡಿಷನ್‌ನಲ್ಲಿ ಸಹಿಯ ಕಡ್ಡಾಯವನ್ನು ಆರಿಸಬಹುದು. ಆರಿಸಿದರೆ ಅದಕ್ಕೆ ಬೇರೆಯೇ ಪ್ರೊಫೈಲ್ ಇರಲಿ. ಅಲ್ಲಿ ಬ್ಯಾಂಕ್, ಕಾವೇರಿ ನೋಂದಣಿ ಪೋರ್ಟಲ್, ಇಮೇಲ್ ಯಾವುದಕ್ಕೂ ಲಾಗಿನ್ ಆಗಬೇಡಿ. ಕ್ರೋಮ್‌ನಲ್ಲೂ ಡೆವಲಪರ್ ಮೋಡ್‌ನಿಂದ ಬಿಡಿ ಫೋಲ್ಡರ್ ಹಾಕಬಹುದು, ಆದರೆ ಅದು ತಾನಾಗಿ ಅಪ್‌ಡೇಟ್ ಆಗದು. ಬರೆದವರು ಸಿಗುವಂತಿದ್ದರೆ ಇದಾವುದೂ ಬೇಡ: ಸಾರ್ವಜನಿಕ ಪಟ್ಟಿಗೆ ಸೇರಿಸದೆಯೂ ಮೊಜಿಲ್ಲಾ ಪುಕ್ಕಟೆಯಾಗಿ ಸಹಿ ಹಾಕಿಕೊಡುತ್ತದೆ, ಕೇಳಿಕೊಳ್ಳಿ. ತಿಂಗಳಿಗೊಮ್ಮೆ ಹಳೇ ಕಡತ ತಿರುಗಿಸುವವರಿಗಂತೂ ಸಾಮಾನ್ಯ ಫೈರ್‌ಫಾಕ್ಸ್‌ನ ಡೀಬಗಿಂಗ್ ಪುಟದಲ್ಲಿ ತಾತ್ಕಾಲಿಕವಾಗಿ ಹಾಕಿಕೊಂಡರೆ ಸಾಕು. ಬ್ರೌಸರ್ ಮುಚ್ಚಿದೊಡನೆ ಅದೂ ಜಾಗ ಖಾಲಿ ಮಾಡುತ್ತದೆ.